65 ಸಾವಿರಕ್ಕೆ ಗೇಮಿಂಗ್ ಪಿಸಿ: ಅಂಗಡಿಯ ಈ ಕೊಟೇಶನ್ ಸರಿ ಇದೆಯಾ?

ಗೋಣಿಕೊಪ್ಪ_ಬಸ್‌ಸ್ಟ್ಯಾಂಡ್

ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ. ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಓದ್ತಾ ಇದ್ದೀನಿ, ಮೂರನೇ ಸೆಮ್. ಪಿಸಿಗೆ ಅಂತ ಇರೋದು ಒಟ್ಟು 65,000. ಅದರ ಮೇಲೆ ಒಂದು ರೂಪಾಯಿಯೂ ಹುಟ್ಟಲ್ಲ. ಮಾನಿಟರ್, ಕೀಬೋರ್ಡ್, ಮೌಸ್ ಮನೆಯಲ್ಲೇ ಇವೆ, ಡಬ್ಬ ಮಾತ್ರ ಬೇಕು. ಆಡೋದು ವ್ಯಾಲೊರಂಟ್, ಸಿಎಸ್ 2, ಜಿಟಿಎ 5. ರಜೆಯಲ್ಲಿ ಸೈಬರ್‌ಪಂಕ್ ತರದ ದೊಡ್ಡ ಗೇಮ್ ಒಂದೆರಡು. ಓದಿಗೆ ಆಟೋಕ್ಯಾಡ್, ಸ್ವಲ್ಪ ಪೈಥಾನ್.

ಅಂಗಡಿಯವರು ಕೊಟ್ಟ ಪಟ್ಟಿ ಹೀಗಿದೆ: ಇಂಟೆಲ್ ಐ5-12400ಎಫ್, ಎಚ್610 ಮದರ್‌ಬೋರ್ಡ್, 8 ಜಿಬಿ ಡಿಡಿಆರ್4 ರ‍್ಯಾಮ್ ಒಂದೇ ಸ್ಟಿಕ್, ಆರ್‌ಟಿಎಕ್ಸ್ 3050 6 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಜಿಬಿ ಸಾಟಾ ಎಸ್‌ಎಸ್‌ಡಿ, 240 ಎಂಎಂ ಲಿಕ್ವಿಡ್ ಕೂಲರ್, ಆರು ಆರ್‌ಜಿಬಿ ಫ್ಯಾನ್ ಇರೋ ಗಾಜಿನ ಕ್ಯಾಬಿನೆಟ್. ಕ್ಯಾಬಿನೆಟ್ ಜೊತೆಗೇ 500 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚೋ ಡಬ್ಬ) ಬರುತ್ತಂತೆ. ಎಲ್ಲ ಸೇರಿ 64,500.

ಇದರಲ್ಲಿ ಏನು ಇಟ್ಟುಕೊಳ್ಳಲಿ, ಏನು ತೆಗೀಲಿ? ಮನೆ ತೋಟದೊಳಗೆ ಇದೆ. ಮಳೆಗಾಲದಲ್ಲಿ ಕರೆಂಟು ಬರೋದೇ ಅಪರೂಪ, ಬಂದರೂ ಬಲ್ಬು ಮಿಣುಕುತ್ತೆ. ಅದಕ್ಕೆ ಬೇರೆ ಏನಾದರೂ ಬೇಕಾ?


ಕುಶಾಲನಗರ_ಸ್ಕ್ರೂಡ್ರೈವರ್

ಪಟ್ಟಿಯ ಮೊದಲ ಎರಡು ಸಾಲು ಸರಿ ಇವೆ, ಉಳಿದದ್ದೆಲ್ಲ ಕಣ್ಣಿಗೆ ಹಬ್ಬ. ನಿಮ್ಮ ದುಡ್ಡು ಗಾಜು, ದೀಪ, ನೀರಿನ ಪೈಪಿಗೆ ಹೋಗಿದೆ, ಆಟಕ್ಕೆ ಬೇಕಾದ ಜಾಗಕ್ಕೆ ಹೋಗಿಲ್ಲ.

12400ಎಫ್ ಆರು ಕೋರ್, ಹನ್ನೆರಡು ಥ್ರೆಡ್. ನೀವು ಹೇಳಿದ ಆಟಗಳಿಗೂ ಆಟೋಕ್ಯಾಡ್‌ಗೂ ಧಾರಾಳ ಸಾಕು. ಇದು ಎಷ್ಟೇ ಜೋರಾಗಿ ಓಡಿದರೂ ಇಂಟೆಲ್ ಕೊಟ್ಟಿರೋ ಗರಿಷ್ಠ ಲೆಕ್ಕ 117 ವ್ಯಾಟ್, ಆಟ ಆಡುವಾಗ ಅಷ್ಟು ಮುಟ್ಟೋದೂ ಇಲ್ಲ. ಬಾಕ್ಸ್ ಜೊತೆ ಬರೋ ಕೂಲರ್ ಇದನ್ನು ನಿಭಾಯಿಸುತ್ತೆ, ಅದೂ ನಮ್ಮ ಊರಿನ ಹವೆಯಲ್ಲಿ. ರಾಯಚೂರಲ್ಲಿ ಮೇ ತಿಂಗಳ ಮಧ್ಯಾಹ್ನ ಆಡೋರು ಲಿಕ್ವಿಡ್ ಕೂಲರ್ ಬಗ್ಗೆ ಯೋಚಿಸಲಿ, ಕಂಬಳಿ ಹೊದ್ದು ಆಡೋರಿಗೆ ಯಾಕೆ? ಒಂದು ಎಚ್ಚರಿಕೆ: ಬಾಕ್ಸ್ ಇಲ್ಲದ 'ಟ್ರೇ' ಪ್ರೊಸೆಸರ್ ಕೊಟ್ಟರೆ ಕೂಲರ್ ಬರಲ್ಲ. ಬಿಲ್‌ನಲ್ಲಿ 'ಬಾಕ್ಸ್' ಅಂತ ಬರೆಸಿಕೊಳ್ಳಿ.

ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಹೆಸರಿನ ಮೋಸ ಇದೆ. ಆರ್‌ಟಿಎಕ್ಸ್ 3050 ಅನ್ನೋ ಹೆಸರಲ್ಲಿ ಎರಡು ಬೇರೆ ಬೇರೆ ಕಾರ್ಡ್ ಇವೆ. 8 ಜಿಬಿಯದ್ದಕ್ಕೆ 2560 ಕೋರ್, 128 ಬಿಟ್ ಮೆಮೊರಿ ಬಸ್. 6 ಜಿಬಿಯದ್ದಕ್ಕೆ 2304 ಕೋರ್, 96 ಬಿಟ್. ಕಡಿಮೆ ಆಗಿರೋದು 2 ಜಿಬಿ ಮೆಮೊರಿ ಮಾತ್ರ ಅಲ್ಲ. ಅಂಗಡಿಯವರು 6 ಜಿಬಿ ಇಟ್ಟಿದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ಅದು ಬರೀ 70 ವ್ಯಾಟ್ ಎಳೆಯುತ್ತೆ, ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ವೈರೇ ಬೇಡ. ಅಂದರೆ ಕಳಪೆ ಎಸ್‌ಎಂಪಿಎಸ್ ಹಾಕಿ ತಳ್ಳಬಹುದು.

ಅದರ ಜಾಗಕ್ಕೆ ರೇಡಿಯಾನ್ ಆರ್‌ಎಕ್ಸ್ 6600 ನೋಡಿ. 8 ಜಿಬಿ, 132 ವ್ಯಾಟ್, ಒಂದೇ ಒಂದು ಎಂಟು ಪಿನ್ನಿನ ವೈರು ಸಾಕು. 1080ಪಿಯಲ್ಲಿ 3050ಯ ಎರಡೂ ರೂಪಗಳನ್ನು ಇದು ಸಲೀಸಾಗಿ ಹಿಂದೆ ಹಾಕುತ್ತೆ. ಇಂಟೆಲ್ ಆರ್ಕ್ ಬಿ580 ಕೈಗೆಟುಕಿದರೆ ಒಳ್ಳೆಯದೇ, 12 ಜಿಬಿ ಇದೆ. ಆದರೆ ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ) ರಿಸೈಜಬಲ್ ಬಾರ್, ಅಂದರೆ ಪ್ರೊಸೆಸರಿಗೆ ಕಾರ್ಡಿನ ಮೆಮೊರಿ ಪೂರ್ತಿ ಒಟ್ಟಿಗೆ ಸಿಗೋ ಸೌಲಭ್ಯ, ಆನ್ ಇರಲೇಬೇಕು, ಪ್ರೊಸೆಸರ್ ಕೂಡ ಸ್ವಲ್ಪ ಗಟ್ಟಿ ಇರಬೇಕು. ಆರ್‌ಎಕ್ಸ್ 6500 ಎಕ್ಸ್‌ಟಿ ಕಡೆ ತಿರುಗಿಯೂ ನೋಡಬೇಡಿ. 4 ಜಿಬಿ ಮೆಮೊರಿ, ನಾಲ್ಕೇ ಪಿಸಿಐ ಲೇನ್, ವಿಡಿಯೋ ರೆಕಾರ್ಡ್ ಮಾಡೋ ಎನ್‌ಕೋಡರೂ ಇಲ್ಲ.

8 ಜಿಬಿ ಒಂದೇ ಸ್ಟಿಕ್ ಬೇಡ. 8+8 ಎರಡು ಸ್ಟಿಕ್, 3200 ವೇಗದ್ದು ತಗೊಳ್ಳಿ. ಒಂದೇ ಸ್ಟಿಕ್ ಇದ್ದರೆ ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ದಾರಿ ಅರ್ಧಕ್ಕೆ ಇಳಿಯುತ್ತೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ಪರವಾಗಿಲ್ಲ ಅನ್ನಿಸಿದರೂ ಗಲಾಟೆ ಜಾಸ್ತಿ ಇರೋ ದೃಶ್ಯದಲ್ಲಿ ಗಕ್ಕನೆ ನಿಂತು ಮುಂದೆ ಹೋಗುತ್ತೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿ ಕೂತಿದೆ, ಅಂಗಡಿಯವರು ಇಲ್ಲಿ ಕೈ ಹಿಡಿದಿರೋದು ಅದಕ್ಕೇ. ಆದರೆ ಲಿಕ್ವಿಡ್ ಕೂಲರ್ ತೆಗೆದರೆ ಎರಡನೇ ಸ್ಟಿಕ್ಕಿನ ದುಡ್ಡು ಅಲ್ಲೇ ಸಿಗುತ್ತೆ.

ಎಸ್‌ಎಸ್‌ಡಿ ಸಾಟಾ ಬೇಡ, ಅದಕ್ಕಿಂತ ವೇಗದ ಎನ್‌ವಿಎಂಇ ತಗೊಳ್ಳಿ, 500 ಜಿಬಿ ಸಾಕು. ವಿಂಡೋಸ್ ಅದನ್ನು 465 ಅಂತ ತೋರಿಸುತ್ತೆ, ಗಾಬರಿ ಬೇಡ, ಎಣಿಸೋ ಲೆಕ್ಕ ಬೇರೆ ಅಷ್ಟೇ. ಜಿಟಿಎ ಒಂದೇ 100 ಜಿಬಿ ಹತ್ತಿರ ನುಂಗುತ್ತೆ, ಆದ್ದರಿಂದ ಒಂದು ಹೊತ್ತಿಗೆ ಮೂರು ನಾಲ್ಕು ಗೇಮ್ ಅಂತ ಲೆಕ್ಕ ಇಟ್ಟುಕೊಳ್ಳಿ.

ಈಗ ಎಸ್‌ಎಂಪಿಎಸ್. ಇಲ್ಲಿ ಮಾತ್ರ ನಾನು ಹಠ ಹಿಡಿಯೋನು. ಡಬ್ಬದ ಮೇಲೆ ದಪ್ಪಕ್ಕೆ ಬರೆದಿರೋ 500 ನಂಬಬೇಡಿ, ಪಕ್ಕದ ಸ್ಟಿಕರ್ ಓದಿ. ಅದರಲ್ಲಿ +12ವಿ ಅನ್ನೋ ಕಾಲಂ ಇರುತ್ತೆ, ಕೆಳಗೆ ಆಂಪಿಯರ್. ಆ ಆಂಪಿಯರ್ ಅನ್ನು 12ರಿಂದ ಗುಣಿಸಿ. ಉದಾಹರಣೆಗೆ 18 ಆಂಪಿಯರ್ ಅಂತಿದ್ದರೆ 18 × 12 = 216 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣೋದು ಈ 12 ವೋಲ್ಟಿನ ತಟ್ಟೆಯಲ್ಲೇ. ನಿಮ್ಮದಕ್ಕೆ ಲೆಕ್ಕ ಹಾಕಿದರೆ 117 + 132, ಮೇಲೆ ಬೋರ್ಡು, ಫ್ಯಾನು, ಡಿಸ್ಕಿಗೆ 50 ಸೇರಿಸಿ, ಹೆಚ್ಚುಕಮ್ಮಿ 300 ವ್ಯಾಟ್, ಅಂದರೆ 25 ಆಂಪಿಯರ್. 18 ಆಂಪಿಯರಿನದು ಹಾಕಿದರೆ ಡೆಸ್ಕ್‌ಟಾಪಲ್ಲಿ ಚೆನ್ನಾಗೇ ಇರುತ್ತೆ, ಆಟ ಶುರುವಾಗಿ ಹತ್ತು ನಿಮಿಷಕ್ಕೆ ಪಟ್ ಅಂತ ಆರಿಹೋಗುತ್ತೆ. ನೀವು ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ ಅಂತ ಹುಡುಕ್ತಾ ಕೂರ್ತೀರಿ. ನಿಜವಾದ 550 ವ್ಯಾಟಿನದಕ್ಕೆ 12 ವೋಲ್ಟಲ್ಲಿ 43-45 ಆಂಪಿಯರ್ ಬರೆದಿರುತ್ತೆ. ಬೇಕಾದ್ದು ಅಂಥದ್ದು, 5 ವರ್ಷ ವಾರಂಟಿ ಇರೋದು.

ಬೆಲೆ ವಾರಕ್ಕೊಂದು ಸಲ ಕುಣಿಯೋದರಿಂದ ಇಂತಿಷ್ಟೇ ಅಂತ ಹೇಳಲ್ಲ, ಮೇಲಿನ ಗೆರೆ ಹೇಳ್ತೀನಿ. ಗ್ರಾಫಿಕ್ಸ್ ಕಾರ್ಡಿಗೆ 22,000 ದಾಟಬೇಡಿ. ಪ್ರೊಸೆಸರಿಗೆ 11,000, ಬೋರ್ಡಿಗೆ 6,000, ರ‍್ಯಾಮಿಗೆ 9,000, ಎಸ್‌ಎಸ್‌ಡಿಗೂ ಎಸ್‌ಎಂಪಿಎಸ್‌ಗೂ ತಲಾ 4,500, ಕ್ಯಾಬಿನೆಟ್ಟಿಗೆ 3,000. ಇಷ್ಟಕ್ಕೆ 60 ಸಾವಿರ. ಉಳಿದ 5 ಸಾವಿರ ಮುಟ್ಟಬೇಡಿ, ಕರೆಂಟಿನ ಪ್ರಶ್ನೆಗೆ ಅದು ಬೇಕಾಗುತ್ತೆ. ಯಾವುದಾದರೂ ಗೆರೆ ದಾಟಿದರೆ ಮೊದಲು ಕ್ಯಾಬಿನೆಟ್ಟಿನಲ್ಲಿ ಕಡಿತ ಮಾಡಿ. ಮುಂದೆ ಜಾಲರಿ, ಎರಡು ಫ್ಯಾನ್ ಇದ್ದರೆ ಮುಗೀತು.

ಎಎಂಡಿ ರೈಜೆನ್ 5 5600 ಜೊತೆ ಬಿ550 ಬೋರ್ಡ್ ಅವತ್ತು ಅಗ್ಗಕ್ಕೆ ಸಿಕ್ಕಿದರೆ ಅದನ್ನೇ ತಗೊಳ್ಳಿ, ಆಟದಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ಹೆಸರು ಓದುವಾಗ ಹುಷಾರು: 5600, 5600ಜಿ, 5500 ಮೂರೂ ಬೇರೆ. 5500 ಮತ್ತು 5600ಜಿಯಲ್ಲಿ ಎಲ್3 ಕ್ಯಾಶ್ 16 ಎಂಬಿ, ಪಿಸಿಐ 3ನೇ ತಲೆಮಾರು. 5600ರಲ್ಲಿ 32 ಎಂಬಿ, 4ನೇ ತಲೆಮಾರು.


ವಿರಾಜಪೇಟೆ_ಫ್ಯೂಸ್

ಮೇಲಿನವರು ಹೇಳಿದ ಎಸ್‌ಎಂಪಿಎಸ್ ವಿಷಯಕ್ಕೆ ಒಂದು ಬಾಲ. ಅದೇ ಸ್ಟಿಕರಿನ ಮೇಲುಗಡೆ 'ಇನ್‌ಪುಟ್' ಅಂತ ಇರುತ್ತೆ. ಅಲ್ಲಿ 100-240 ವೋಲ್ಟ್ ಅಂತ ಇರೋದನ್ನೇ ತಗೊಳ್ಳಿ. ಅಗ್ಗದವು ಎಷ್ಟೋ 200-240 ಮಾತ್ರ ಇರುತ್ತವೆ. ತೋಟದ ಲೈನಿನ ಕೊನೆಯ ಮನೆಗೆ, ಸಂಜೆ ಎಲ್ಲರ ಮನೆಯ ಮೋಟರು ಗೀಸರು ಓಡುವಾಗ, 170 ಬಂದರೆ ಪುಣ್ಯ. 200-240ರದು ಅಲ್ಲಿ ರೀಸ್ಟಾರ್ಟ್ ಆಗ್ತಾನೇ ಇರುತ್ತೆ, 100-240ರದಕ್ಕೆ ಏನೂ ಅನ್ನಿಸಲ್ಲ. ಅದಕ್ಕೇ ಪ್ರತ್ಯೇಕ ಸ್ಟೆಬಿಲೈಸರ್ ಬೇಡ ಅಂತೀನಿ.

ಕರೆಂಟು ಹೋದಾಗ ಆಟ ಮುಂದುವರಿಸಬೇಕು ಅನ್ನೋ ಆಸೆ ಇದ್ದರೆ ಇವತ್ತೇ ಬಿಟ್ಟುಬಿಡಿ. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್, ಒಳಗಿರೋದು 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್. ಕಾಗದದ ಮೇಲೆ 280 ವ್ಯಾಟಿಗೆ ಹದಿನೆಂಟು ನಿಮಿಷ ಬರಬೇಕು. ಆದರೆ ಲೆಡ್ ಬ್ಯಾಟರಿಯಿಂದ ಅಷ್ಟು ಬೇಗ ಎಳೆದರೆ ಅದು ಅರ್ಧವೂ ಕೊಡಲ್ಲ. ಐದು ನಿಮಿಷ ಸಿಕ್ಕರೆ ದೊಡ್ಡದು. ಸೇವ್ ಮಾಡಿ ಶಟ್‌ಡೌನ್ ಮಾಡೋಕೆ ಅಷ್ಟು ಸಾಕು. ಯುಪಿಎಸ್ ಇರೋದು ಅದಕ್ಕೇ. ಎವಿಆರ್ (ಬ್ಯಾಟರಿ ಮುಟ್ಟದೆ ವೋಲ್ಟೇಜ್ ಸರಿಪಡಿಸೋ ಭಾಗ) ಇರೋದು ನೋಡಿ ತಗೊಳ್ಳಿ, ಇಲ್ಲದಿದ್ದರೆ ವೋಲ್ಟೇಜ್ ಇಳಿದಾಗಲೆಲ್ಲ ಬ್ಯಾಟರಿಗೆ ಹಾರಿ ಎರಡೇ ಮಳೆಗಾಲಕ್ಕೆ ಬ್ಯಾಟರಿ ಮುಗಿಯುತ್ತೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತೆ, ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ಯುಪಿಎಸ್ ಕಡೆ ಹಾಕಿದರೆ ಬೇಗ ಬದಲಾಗುತ್ತೆ, ಪಿಸಿ ಆರದೆ ಉಳಿಯಬಹುದು. ಆದರೆ ಆ ಮೋಡಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹೋಗುತ್ತೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಪಿಸಿ ಹಚ್ಚಲೇಬೇಡಿ. ಸೈನ್ ವೇವ್ ಇರಬೇಕು.

ಎಲ್ಲಕ್ಕಿಂತ ಮೊದಲು ಅರ್ತಿಂಗ್ ನೋಡಿ. ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತೆ, ಮೇಲಿನ ದಪ್ಪ ತೂತಿಗೆ ವೈರೇ ಹೋಗಿರಲ್ಲ. ಮಲ್ಟಿಮೀಟರ್ ಎಸಿಗೆ ಇಟ್ಟು ಮೂರು ಸಲ ಅಳೆಯಿರಿ. ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ತ್ ಕೂಡ ಅಷ್ಟೇ ಬರಬೇಕು, ನ್ಯೂಟ್ರಲ್-ಅರ್ತ್ ಎರಡು ಮೂರು ವೋಲ್ಟಿಗಿಂತ ಕಡಿಮೆ. ಫೇಸ್-ಅರ್ತ್‌ನಲ್ಲಿ ಏನೇನೋ ತೇಲಾಡೋ ಅಂಕಿ ಬಂದರೆ ಅರ್ತ್ ಇಲ್ಲ ಅಂತ. ಆಗ ಏನಾಗುತ್ತೆ ಅಂದರೆ, ಎಸ್‌ಎಂಪಿಎಸ್ ಒಳಗೆ ಫೇಸಿನಿಂದ ಮೈಗೆ ಒಂದು, ನ್ಯೂಟ್ರಲ್‌ನಿಂದ ಮೈಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತವೆ, ಗದ್ದಲ ಸೋಸೋದಕ್ಕೆ. ಅರ್ತ್ ಇಲ್ಲದಾಗ ಇವೆರಡರ ನಡುವೆ ಸಿಕ್ಕ ಕ್ಯಾಬಿನೆಟ್ಟು ಅರ್ಧ ವೋಲ್ಟೇಜಲ್ಲಿ, ಅಂದರೆ 115ರ ಹತ್ತಿರ, ತೇಲುತ್ತೆ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಮುಟ್ಟಿದರೆ ಜುಮ್ ಅನ್ನೋದು ಅದು. ಆ ಕರೆಂಟು ತೀರಾ ಸಣ್ಣದು, ಆದರೆ ಹೆಡ್‌ಫೋನಲ್ಲಿ ಗುಂಯ್ ಅನ್ನುತ್ತೆ, ಪೆನ್‌ಡ್ರೈವ್ ಚುಚ್ಚುವಾಗ ಯುಎಸ್‌ಬಿ ಪೋರ್ಟ್ ಸುಡಬಹುದು. ಸರ್ಜ್ ಪ್ರೊಟೆಕ್ಟರ್ ಕೂಡ ಅರ್ತ್ ಇಲ್ಲದೆ ಅರ್ಧಂಬರ್ಧ. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಹಾಕಿಸಿ, ಮೊದಲ ಖರ್ಚು ಅದು.

ಏಪ್ರಿಲ್-ಮೇಯ ಗುಡುಗಿನ ಮಳೆಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಜೊತೆಗೆ ರೂಟರಿನಿಂದ ಬರೋ ಲ್ಯಾನ್ ಕೇಬಲ್ಲೂ. ಮಿಂಚು ಆ ದಾರಿಯಲ್ಲೂ ಬರುತ್ತೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಿಸಿಯನ್ನು ನೆಲಕ್ಕೆ ಇಡಬೇಡಿ, ಗೋಡೆಗೂ ತಾಗಿಸಬೇಡಿ. ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ಓಡಿಸಿ. ಬಿಸಿಯಾದ ಬೋರ್ಡಿಗೆ ಬೂಷ್ಟು ಹಿಡಿಯಲ್ಲ, ತಿಂಗಳುಗಟ್ಟಲೆ ತಣ್ಣಗೆ ಬಿದ್ದಿದ್ದಕ್ಕೆ ಹಿಡಿಯುತ್ತೆ. ಹಿಂದಿನ ಖಾಲಿ ಸ್ಲಾಟಿನ ತಗಡುಗಳನ್ನು ಕಳೆದುಹಾಕಬೇಡಿ. ಆ ಸಂದಿಯಲ್ಲಿ ಹಲ್ಲಿ ಮನೆ ಮಾಡಿ ಬೋರ್ಡಿನ ಮೇಲೆ ಹಿಕ್ಕೆ ಹಾಕಿದರೆ ಯಾವ ಕಂಪನಿಯ ವಾರಂಟಿಯೂ ನೆರವಿಗೆ ಬರಲ್ಲ.


ಅರ್ಧಬೆಲೆ

ಎಲ್ಲ ಹೊಸದೇ ಬೇಕು ಅನ್ನೋದು ಯಾಕೆ ಮಾರಾಯ್ರೆ? ಓದೋ ಹುಡುಗನಿಗೆ ಸೆಕೆಂಡ್‌ಹ್ಯಾಂಡ್ ಕೂಡ ದಾರಿಯೇ. ರ‍್ಯಾಮ್ ಬೆಲೆ ಹೀಗಿರುವಾಗ ಹಳೇ ಡಿಡಿಆರ್4 ತಗೊಳ್ಳೋದರಲ್ಲಿ ತಪ್ಪೇನಿಲ್ಲ. ಹೆಚ್ಚಾಗಿ ಕೆಡದ ಭಾಗ ಅದು. ಮೆಮ್‌ಟೆಸ್ಟ್86 ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ವಾಪಸ್. ಪ್ರೊಸೆಸರೂ ಹಾಗೇ, ಮೇಲೆ ಹೇಳಿದ ಎಎಂಡಿಯದಾದರೆ ಕಾಲು ಬಗ್ಗಿಲ್ಲದಿದ್ದರೆ ಸಾಕು. ಎಸ್‌ಎಂಪಿಎಸ್, ಎಸ್‌ಎಸ್‌ಡಿ ಎರಡನ್ನು ಮಾತ್ರ ಯಾವತ್ತೂ ಹಳೇದು ಮುಟ್ಟಬೇಡಿ.

ಗ್ರಾಫಿಕ್ಸ್ ಕಾರ್ಡ್ ಹಳೇದು ತಗೊಳ್ಳೋದಾದರೆ ಜಿಟಿಎಕ್ಸ್ 1660 ಸೂಪರ್, ಆರ್‌ಟಿಎಕ್ಸ್ 2060 ನೋಡಿ, ಎರಡೂ 6 ಜಿಬಿ. ಎದುರಿಗೇ ಓಡಿಸಿ ತೋರಿಸಿ ಅನ್ನಿ. ಕಾರ್ಡಿನ ವಿವರ ತೋರಿಸೋ ಜಿಪಿಯು-ಝೆಡ್ ಸಾಫ್ಟ್‌ವೇರ್ ತೆರೆದು ಹೆಸರು ನೋಡಿ. ಹಳೇ ಚಿಪ್ಪಿಗೆ ಹೊಸ ಹೆಸರು ಬರೆದ ಕಾರ್ಡಾದರೆ ಅದು ಫೇಕ್ ಅಂತ ಮುಖಕ್ಕೆ ಹೇಳುತ್ತೆ. ಆರ್‌ಎಕ್ಸ್ 580 ಅಂತ ಮಾರೋದರಲ್ಲಿ ಶೇಡರ್ (ಕೋರ್) ಎಷ್ಟು ಅಂತ ನೋಡಿ: ಅಸಲಿಗೆ 2304, '2048ಎಸ್‌ಪಿ' ಅನ್ನೋದು ನಿಜದಲ್ಲಿ 570ರ ಅಳತೆ. ಆಮೇಲೆ ಕಾರ್ಡಿಗೆ ಪೂರ್ತಿ ಹೊರೆ ಹಾಕೋ ಫರ್‌ಮಾರ್ಕ್ ಹದಿನೈದು ನಿಮಿಷ ಓಡಿಸಿ. ಪರದೆಯ ಮೇಲೆ ಬಣ್ಣದ ಚುಕ್ಕೆ, ಗೆರೆ ಬಂದರೆ ಮೆಮೊರಿ ಹೋಗಿದೆ. ಫ್ಯಾನ್ ಕಿರಗುಟ್ಟಿದರೆ ಅದು ಸಣ್ಣ ರಿಪೇರಿ, ಬೆಲೆ ಇಳಿಸಿ ತಗೊಳ್ಳಬಹುದು.

ಇನ್ನೊಂದು. 'ಐ7 ಗೇಮಿಂಗ್ ಪಿಸಿ, 16 ಜಿಬಿ, ಗ್ರಾಫಿಕ್ಸ್ ಕಾರ್ಡ್ ಸಮೇತ' ಅಂತ ಇಪ್ಪತ್ತು ಸಾವಿರದ ಆಸುಪಾಸಿನ ಜಾಹೀರಾತು ಕಂಡರೆ ಯಾವ ಐ7 ಅಂತ ಕೇಳಿ. ಮೂರನೇ ತಲೆಮಾರಿನ 3770 ಆಗಿದ್ದರೆ ಅದು 2012ರದು. ಎವಿಎಕ್ಸ್2 ಅನ್ನೋ ಹೊಸ ಆಜ್ಞೆಗಳ ಗುಂಪು ಅದರಲ್ಲಿಲ್ಲ, ಅದನ್ನು ಕೇಳೋ ಹೊಸ ಗೇಮು ತೆರೆಯೋದೇ ಇಲ್ಲ. ವಿಂಡೋಸ್ 11ರ ಪಟ್ಟಿಯಲ್ಲೂ ಅದಿಲ್ಲ. ಜೊತೆಗಿರೋ ಜಿಟಿ 730 ಪರದೆ ತೋರಿಸೋಕೆ ಅಷ್ಟೇ ಲಾಯಕ್ಕು.

ದುಬೈ, ಕತಾರಿನಿಂದ ಅಣ್ಣನೋ ಭಾವನೋ ಬರುವಾಗ ಕಾರ್ಡ್ ತರಿಸೋಣ ಅಂತ ತುಂಬ ಜನ ಕೇಳ್ತಾರೆ. ಗ್ರಾಫಿಕ್ಸ್ ಕಾರ್ಡಿನ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೇ ಸೀಮಿತ. ಬೆಲೆ ವ್ಯತ್ಯಾಸ ತುಂಬಾ ಇದ್ದರೆ ಮಾತ್ರ ಯೋಚಿಸಿ.


ಕುಶಾಲನಗರ_ಸ್ಕ್ರೂಡ್ರೈವರ್

ರ‍್ಯಾಮ್ ಮಟ್ಟಿಗೆ ಒಪ್ಪಿದೆ. ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಲ್ಲ, ಮೂರು ವರ್ಷ ವಾರಂಟಿ ಇರೋ ಹೊಸದು ಬಜೆಟ್ಟಿಗೆ ಕೂರ್ತಿರುವಾಗ ಬೇಡ. ಕೆಟ್ಟರೆ ಎಲ್ಲಿಗೆ ಕಳಿಸಬೇಕು ಅಂತ ಕೊಳ್ಳೋ ಮೊದಲೇ ಆಯಾ ಕಂಪನಿಯ ಪುಟದಲ್ಲಿ ನೋಡಿಕೊಳ್ಳಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸೋದು ಮರೀಬೇಡಿ. 18 ಪರ್ಸೆಂಟ್ ಉಳಿಸ್ತೀನಿ ಅಂತ ಬಿಲ್ ಇಲ್ಲದೆ ಕೊಂಡರೆ ವಾರಂಟಿ ಬರೀ ಬಾಯಿಮಾತು.

ಆನ್‌ಲೈನಲ್ಲಿ ತರಿಸೋದಾದರೆ ತೋಟದ ವಿಳಾಸ ಕೊಡಬೇಡಿ, ಪೇಟೆಯಲ್ಲಿ ಪರಿಚಯದ ಅಂಗಡಿ ವಿಳಾಸ ಕೊಡಿ. ಡಬ್ಬ ಬಿಚ್ಚುವಾಗ ಲೇಬಲ್, ಸೀಲ್, ಸೀರಿಯಲ್ ನಂಬರ್ ಮೂರೂ ಒಂದೇ ವಿಡಿಯೋದಲ್ಲಿ, ನಡುವೆ ಕಟ್ ಇಲ್ಲದೆ ಬರಬೇಕು.


ಗೋಣಿಕೊಪ್ಪ_ಬಸ್‌ಸ್ಟ್ಯಾಂಡ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಗಡಿಯವರ ಹತ್ತಿರ ಆ ಎಸ್‌ಎಂಪಿಎಸ್ ಸ್ಟಿಕರಿನ ಫೋಟೋ ತರಿಸಿದೆ: +12ವಿ 16 ಆಂಪಿಯರ್, ಇನ್‌ಪುಟ್ 200-240. ಅಂದರೆ 192 ವ್ಯಾಟ್! ಅದನ್ನು ಬಿಟ್ಟೆ. ಬಿಡಿ ಭಾಗ ತರಿಸಿ ನಾನೇ ಜೋಡಿಸೋಣ ಅಂತಿದ್ದೀನಿ, 12400ಎಫ್, ಆರ್‌ಎಕ್ಸ್ 6600. ಮೊದಲ ಸಲ. ಎಲ್ಲಿ ಎಡವುತ್ತೀನಿ ಅಂತ ಮೊದಲೇ ಹೇಳಿ. ಮಾನಿಟರಿನ ಹಿಂದೆ ನೀಲಿ ಬಣ್ಣದ ವಿಜಿಎ ಪೋರ್ಟ್ ಒಂದೇ ಇದೆ, ಅದಕ್ಕೆ ತೊಂದರೆ ಇಲ್ಲ ತಾನೇ?


ಕಿತ್ತಳೆ_ಸಿಪ್ಪೆ

ತೊಂದರೆ ಇದೆ ತಮ್ಮ. ಆರ್‌ಎಕ್ಸ್ 6600ರಲ್ಲಿ ಇರೋದು ಎಚ್‌ಡಿಎಂಐ ಮತ್ತು ಡಿಸ್ಪ್ಲೇಪೋರ್ಟ್, ಎರಡೂ ಡಿಜಿಟಲ್. ವಿಜಿಎ ಅನಲಾಗ್. ಎರಡು ಕಡೆ ಪ್ಲಗ್ ಇರೋ ಬರೀ ಕೇಬಲ್ ಹಾಕಿದರೆ ಕಪ್ಪು ಪರದೆ ಬರುತ್ತೆ. ಒಳಗೆ ಚಿಪ್ ಇರೋ 'ಎಚ್‌ಡಿಎಂಐ ಟು ವಿಜಿಎ ಆಕ್ಟಿವ್ ಕನ್ವರ್ಟರ್' ಬೇಕು, ಕೆಲವು ನೂರು ರೂಪಾಯಿ. ಅದರಲ್ಲಿ 1080ಪಿ 60 ಹರ್ಟ್ಜ್ ಬರುತ್ತೆ, ಸದ್ಯಕ್ಕೆ ಸಾಕು. ಮುಂದೆ ಯಾವಾಗಲಾದರೂ 100 ಹರ್ಟ್ಜ್ ಮಾನಿಟರ್ ತಂದರೆ ವಿಂಡೋಸ್ ಡಿಸ್ಪ್ಲೇ ಸೆಟ್ಟಿಂಗಿಗೆ ಹೋಗಿ 100 ಅಂತ ನೀನೇ ಆರಿಸಬೇಕಾಗಬಹುದು. ಎಷ್ಟೋ ಜನ ವರ್ಷಗಟ್ಟಲೆ 60ರಲ್ಲೇ ಆಡ್ತಾ ಇರ್ತಾರೆ.

ಜೋಡಿಸೋ ಕೆಲಸಕ್ಕೆ ಬರ್ತೀನಿ. ಎಲ್ಲವನ್ನೂ ಕ್ಯಾಬಿನೆಟ್ ಒಳಗೆ ತುರುಕಬೇಡ. ಮೊದಲು ಮದರ್‌ಬೋರ್ಡನ್ನು ಅದರದೇ ರಟ್ಟಿನ ಡಬ್ಬದ ಮೇಲೆ ಇಟ್ಟು ಅಲ್ಲೇ ಆನ್ ಮಾಡಿ ನೋಡು. ಪ್ರೊಸೆಸರ್, ಕೂಲರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ ಇಷ್ಟೇ ಸಾಕು. ಶುರು ಮಾಡೋ ಮೊದಲು ಯಾವುದಾದರೂ ಅರ್ತ್ ಆದ ಲೋಹ ಮುಟ್ಟು. ಉಣ್ಣೆ ಸ್ವೆಟರ್ ಹಾಕಿಕೊಂಡು ಕೂರಬೇಡ.

ಸಾಕೆಟ್ಟಿನಲ್ಲಿ ಕೂದಲಿನಷ್ಟು ಸಣ್ಣ ಕಾಲುಗಳಿವೆ, ಬೆರಳು ತಾಗಿಸಬೇಡ. ಪ್ರೊಸೆಸರಿನ ಮೂಲೆಯ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಎದುರು ಬರಬೇಕು. ಮೇಲಿಂದ ಇಟ್ಟರೆ ತಾನೇ ಕೂರುತ್ತೆ, ಒತ್ತೋ ಅಗತ್ಯವಿಲ್ಲ. ಲಿವರ್ ಎಳೆಯುವಾಗ ಗಟ್ಟಿ ಅನ್ನಿಸುತ್ತೆ, ಅದು ಸಹಜ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ಆಗ ತಾನೇ ಹಾರುತ್ತೆ. ಅದನ್ನು ಎತ್ತಿಡು, ಬೋರ್ಡ್ ವಾರಂಟಿಗೆ ಹೋದರೆ ಮುಚ್ಚಳ ಕೇಳ್ತಾರೆ.

ಮೊದಲ ಸಲದವರು ಎಡವೋದು ಇಂಟೆಲ್ ಕೂಲರಿನಲ್ಲಿ. ನಾಲ್ಕು ಮೂಲೆಗೆ ನಾಲ್ಕು ಒತ್ತುಪಿನ್. ಪಿನ್ನಿನ ತಲೆಯ ಮೇಲೆ ಬಾಣ ಇದೆ, ಆ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತೆ. ಹಾಕುವಾಗ ಆ ಕಡೆ ತಿರುಗಿರಬಾರದು. ಎದುರುಬದುರು ಎರಡೆರಡು ಒತ್ತು, ಟಕ್ ಅಂತ ಶಬ್ದ ಬರಬೇಕು. ಆಮೇಲೆ ಬೋರ್ಡನ್ನು ಎತ್ತಿ ಹಿಂದುಗಡೆ ನೋಡು. ನಾಲ್ಕೂ ತೂತಿನಲ್ಲಿ ಪಿನ್ನಿನ ಮೊನೆ ಪೂರ್ತಿ ಹೊರಬಂದು ಅಗಲವಾಗಿರಬೇಕು. ಒಂದು ಪಿನ್ ಅರ್ಧ ನಿಂತಿದ್ದರೆ ಕೂಲರ್ ಆ ಮೂಲೆಯಲ್ಲಿ ಎದ್ದಿರುತ್ತೆ. ಪಿಸಿ ಆನ್ ಆಗುತ್ತೆ, ವಿಂಡೋಸೂ ಬರುತ್ತೆ, ಆಟ ತೆರೆದ ಒಂದು ನಿಮಿಷಕ್ಕೆ ಪ್ರೊಸೆಸರ್ 100 ಡಿಗ್ರಿಗೆ ಹೋಗಿ ವೇಗ ಕುಸಿಯುತ್ತೆ. ಪೇಸ್ಟ್ ಕೂಲರಿನ ತಳದಲ್ಲೇ ಹಚ್ಚಿ ಬರುತ್ತೆ, ಮೇಲೆ ಮತ್ತೆ ಬಳಿಯಬೇಡ. ಒಮ್ಮೆ ಒತ್ತಿ ಕಿತ್ತರೆ ಮಾತ್ರ ಒರೆಸಿ ಹೊಸದು ಹಚ್ಚು, ಕಡಲೆಕಾಳಿನಷ್ಟು.

ಎನ್‌ವಿಎಂಇ ಓರೆಯಾಗಿ ತೂರಿಸಬೇಕು, 30 ಡಿಗ್ರಿಯಷ್ಟು. ಆಮೇಲೆ ಮಲಗಿಸಿ ಸ್ಕ್ರೂ. ಆ ಸ್ಕ್ರೂ ಮೆಂತ್ಯಕಾಳಿನಷ್ಟು ಇರುತ್ತೆ, ಬೋರ್ಡಿನ ಡಬ್ಬದಲ್ಲಿ ಸಣ್ಣ ಕವರಿನಲ್ಲಿ. ಬಿಳಿ ಬಟ್ಟೆ ಹಾಸಿಕೊಂಡು ಕೂತರೆ ಬಿದ್ದರೂ ಸಿಗುತ್ತೆ.

ಎಂಟು ಪಿನ್ನಿನ ವೈರು ಎರಡು ತರ ಬರುತ್ತೆ. 4+4 ಆಗಿ ಸೀಳೋದು ಪ್ರೊಸೆಸರಿಗೆ, ಬೋರ್ಡಿನ ಮೇಲಿನ ಎಡಮೂಲೆಗೆ. 6+2 ಆಗಿ ಸೀಳೋದು ಗ್ರಾಫಿಕ್ಸ್ ಕಾರ್ಡಿಗೆ. ಅದಲುಬದಲು ಕೂರಲ್ಲ, ಬಲ ಹಾಕಿ ಕೂರಿಸೋಕೆ ಹೋಗಬೇಡ. ಪವರ್ ಬಟನ್ ಇನ್ನೂ ಇಲ್ಲವಲ್ಲ, ಬೋರ್ಡಿನ ಎಫ್-ಪ್ಯಾನೆಲ್‌ನಲ್ಲಿ ಪವರ್ ಸ್ವಿಚ್ ಅಂತ ಬರೆದ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ತಾಗಿಸಿದರೆ ಆನ್ ಆಗುತ್ತೆ. ಯಾವ ಎರಡು ಅನ್ನೋದು ಬೋರ್ಡಿನ ಪುಸ್ತಕದಲ್ಲಿದೆ, ಊಹೆ ಮಾಡಬೇಡ. ಎಚ್‌ಡಿಎಂಐ ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚು. 'ಎಫ್' ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ಎಚ್‌ಡಿಎಂಐ ಸತ್ತ ತೂತು.

ಫ್ಯಾನ್ ತಿರುಗಿದರೂ ಪರದೆ ಬರದಿದ್ದರೆ ಹತ್ತರಲ್ಲಿ ಎಂಟು ಸಲ ರ‍್ಯಾಮ್ ಪೂರ್ತಿ ಕೂತಿರಲ್ಲ. ಕಿತ್ತು, ಎರಡೂ ತುದಿ ಒತ್ತಿ ಮತ್ತೆ ಕೂರಿಸು. ಒಂದೇ ಸ್ಟಿಕ್ ಇಟ್ಟು ನೋಡು. ಆಮೇಲೂ ಇಲ್ಲವಾದರೆ ಪ್ಲಗ್ ತೆಗೆದು, ಬೋರ್ಡಿನ ಗುಂಡು ಬ್ಯಾಟರಿ ಐದು ನಿಮಿಷ ಕಿತ್ತಿಟ್ಟು ಹಾಕು. ಕೆಲವು ಬೋರ್ಡಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಸಣ್ಣ ದೀಪ ಇರುತ್ತೆ, ಯಾವುದು ಉರಿಯುತ್ತಾ ನಿಂತಿದೆಯೋ ಅಲ್ಲಿ ತೊಂದರೆ.

ಕ್ಯಾಬಿನೆಟ್ಟಿಗೆ ಹಾಕುವಾಗ ಬೋರ್ಡಿನ ಪೋರ್ಟುಗಳ ಸುತ್ತ ಬರೋ ತಗಡು ಮೊದಲು ಕೂರಿಸು, ಎಲ್ಲ ಮುಗಿದ ಮೇಲೆ ನೆನಪಾದರೆ ಪೂರ್ತಿ ಬಿಚ್ಚಬೇಕು. ಬೋರ್ಡಿನಲ್ಲಿ ತೂತು ಇಲ್ಲದ ಜಾಗದಲ್ಲಿ ಬೋರ್ಡನ್ನು ಎತ್ತಿ ಹಿಡಿಯೋ ಹಿತ್ತಾಳೆ ಗುಬ್ಬಿ ನಿಂತಿದ್ದರೆ ಅದನ್ನು ಬಿಚ್ಚಿ ತೆಗಿ. ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಮಾಡುತ್ತೆ.


ಅರ್ಧಬೆಲೆ

ಅಕ್ಕ ಬಿಟ್ಟದ್ದು ಒಂದು: ಬಯಾಸಿಗೆ ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ಏರಿಸೋ ಸೆಟ್ಟಿಂಗ್) ಆನ್ ಮಾಡಬೇಕು, ಇಲ್ಲದಿದ್ದರೆ 3200ರ ರ‍್ಯಾಮ್ 2133 ಅಥವಾ 2666ರಲ್ಲಿ ಓಡ್ತಿರಬಹುದು. ಸಿಪಿಯು-ಝೆಡ್‌ನಲ್ಲಿ 1600 ಅಂತ ತೋರಿಸಿದರೆ ಸರಿ ಇದೆ ಅಂತಲೇ ಅರ್ಥ, ಡಿಡಿಆರ್ ಆದ್ದರಿಂದ ಅದರ ಎರಡರಷ್ಟು ಲೆಕ್ಕ.

ವ್ಯಾಲೊರಂಟಿಗೆ ಇನ್ನೊಂದು ಬೇಲಿ ಇದೆ. ವಿಂಡೋಸ್ 11ರಲ್ಲಿ ಅದು ಟಿಪಿಎಂ 2.0 (ಭದ್ರತೆಯ ಕೀಲಿ ಇಡೋ ಜಾಗ), ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರಿನಿಂದ ಮಾತ್ರ ಪಿಸಿ ಶುರುವಾಗೋ ಕಾವಲು) ಎರಡೂ ಕೇಳುತ್ತೆ. ಇಂಟೆಲ್ ಬೋರ್ಡಲ್ಲಿ ಟಿಪಿಎಂಗೆ 'ಪಿಟಿಟಿ' ಅಂತ ಹೆಸರು. ವ್ಯಾನ್ 9003 ಅನ್ನೋ ಎರರ್ ಬಂದರೆ ಸೆಕ್ಯೂರ್ ಬೂಟ್ ಆಫ್ ಇದೆ ಅಂತ. ವಿಂಡೋಸ್ ಹಾಕುವಾಗಲೇ ಬಯಾಸ್ ಯುಇಎಫ್‌ಐ ಮೋಡಲ್ಲಿ, ಡಿಸ್ಕಿನ ವಿಭಾಗ ಜಿಪಿಟಿ ಬಗೆಯಲ್ಲಿ ಇರೋ ಹಾಗೆ ನೋಡಿಕೊಂಡರೆ ಆಮೇಲೆ ಒದ್ದಾಟ ಇಲ್ಲ. ವಿಂಡೋಸ್ 10 ಹಾಕೋಣ ಅನ್ನಬೇಡಿ, 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗಿದಿದೆ. ಲಿನಕ್ಸಲ್ಲಿ ಸಿಎಸ್ 2 ಚೆನ್ನಾಗಿ ಓಡುತ್ತೆ, ವ್ಯಾಲೊರಂಟ್ ಓಡಲ್ಲ.


ಗೋಣಿಕೊಪ್ಪ_ಬಸ್‌ಸ್ಟ್ಯಾಂಡ್

ಅಕ್ಕ, ಕಾಪಿ ಮಾಡಿ ಇಟ್ಟುಕೊಂಡೆ. ಕೊನೆಯ ಪ್ರಶ್ನೆ: ಮನೆಯಲ್ಲಿ ಇಂಟರ್ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟ್ ಮಾತ್ರ, ದಿನಕ್ಕೆ ಒಂದೂವರೆ ಜಿಬಿ. ಬೋರ್ಡಿನಲ್ಲಿ ವೈಫೈ ಬೇರೆ ಇಲ್ಲ. 100 ಜಿಬಿ ಗೇಮು ಹೇಗೆ ಇಳಿಸಲಿ?


ಕಿತ್ತಳೆ_ಸಿಪ್ಪೆ

ವೈಫೈ ಇರೋ ಬೋರ್ಡಿಗೆ ಜಾಸ್ತಿ ದುಡ್ಡು ಕೊಡಬೇಡ. ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡು, ಹಾಟ್‌ಸ್ಪಾಟಿಗಿಂತ ಪಿಂಗ್ ಕೂಡ ಸ್ಥಿರ. ವಿಂಡೋಸ್ 11 ಹಾಕುವಾಗ ಇಂಟರ್ನೆಟ್ ಕೇಳುತ್ತಲ್ಲ, ಅಲ್ಲೂ ಇದೇ ಉಪಾಯ.

ದೊಡ್ಡ ಗೇಮನ್ನು ಹಾಸ್ಟೆಲ್ಲಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ಹಾರ್ಡ್‌ಡಿಸ್ಕಿಗೆ ಹಾಕಿಸಿಕೊಂಡು ಬಾ. ಸ್ಟೀಮ್ ಆದರೆ 'ಸ್ಟೀಮ್ಆಪ್ಸ್' ಒಳಗೆ 'ಕಾಮನ್' ಅನ್ನೋ ಫೋಲ್ಡರ್, ಅದರೊಳಗೆ ಗೇಮಿನ ಹೆಸರಿನ ಫೋಲ್ಡರ್ ಪೂರ್ತಿ. ನಿನ್ನ ಪಿಸಿಯಲ್ಲಿ ಅದೇ ಜಾಗಕ್ಕೆ ಅದೇ ಹೆಸರಲ್ಲಿ ಹಾಕಿ, ಆಮೇಲೆ ಸ್ಟೀಮಿನಲ್ಲಿ ಇನ್‌ಸ್ಟಾಲ್ ಒತ್ತು. ಇರೋ ಫೈಲುಗಳನ್ನು ಪತ್ತೆ ಹಚ್ಚಿ, ಕೊರತೆ ಇದ್ದಷ್ಟನ್ನೇ ಇಳಿಸುತ್ತೆ. ಗೇಮು ನಿನ್ನ ಅಕೌಂಟಿನಲ್ಲಿ ಇರಬೇಕು ಅನ್ನೋದು ಹೇಳಬೇಕಾಗಿಲ್ಲ. ಇಬ್ಬರ ಪಿಸಿಯೂ ಒಂದೇ ರೂಟರಿನಲ್ಲಿ ಇದ್ದರೆ ಸ್ಟೀಮೇ ಒಂದರಿಂದ ಇನ್ನೊಂದಕ್ಕೆ ಕಳಿಸುತ್ತೆ, ಡೇಟಾ ಖರ್ಚಾಗಲ್ಲ.

ಪಿಸಿಯನ್ನೇ ಹಾಸ್ಟೆಲ್ಲಿಗೆ ಬಸ್ಸಲ್ಲಿ ಒಯ್ಯೋದಾದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಅದರ ಡಬ್ಬದಲ್ಲೇ ಮಡಿಲಲ್ಲಿ ಇಟ್ಟುಕೋ. ನಮ್ಮ ಘಾಟಿಯ ತಿರುವಿಗೆ, ಹೊಂಡಕ್ಕೆ ಮುಕ್ಕಾಲು ಕಿಲೋ ಕಾರ್ಡ್ ನೇತಾಡಿದರೆ ಸ್ಲಾಟ್ ಸೀಳುತ್ತೆ. ಬಿಚ್ಚುವಾಗ ಸ್ಲಾಟಿನ ತುದಿಯ ಪ್ಲಾಸ್ಟಿಕ್ ಕೊಕ್ಕೆ ಮೊದಲು ಒತ್ತು, ಆಮೇಲೆ ಎಳೆ.